ಕಾರ್ಕಳದ ಭೈರರಸರ ನೆಲೆವೀಡುಗಳು

ಕಾರ್ಕಳದ ಗೊಮ್ಮಟಮೂರ್ತಿಯನ್ನು ಭೈರವೇಂದ್ರನ ಮಗನಾದ ವೀರಪಾಂಡ್ಯನು ಶಾಲಿವಾಹನ ಶಕ 1353ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು, ಎಂದರೆ ಕ್ರಿ. ಶ. 1432ನೆಯ ಫೆಬ್ರವರಿ 13ರಂದು, ಪ್ರತಿಷ್ಠಾಪಿಸಿದನೆಂದು ಶಾಸನದಿಂದ ವಿದಿತವಾಗುತ್ತದೆ. ದೇವರನ್ನು ನಿಲ್ಲಿಸಿದ ತಿಥಿಯನ್ನೂ ಪ್ರೇರಕರಾದ ಲಲಿತಕೀರ್ತಿಗಳ ಹೆಸರನ್ನೂ ಕಲ್ಲಿನಲ್ಲಿ ಕೊರೆಯಿಸಿದ ಈ ಅರಸುಮನೆತನವು ತಾನು ವಾಸವಾಗಿದ್ದ ಮನೆಗಳ ವಿಷಯದಲ್ಲಿ ಅಷ್ಟು ಉದಾರವಾಗಿಲ್ಲ. ಭೈರರಸ ಒಡೆಯರ ಅರಮನೆಗಳನ್ನು ಹುಡುಕಹೊರಟವರು, ಬೇರೆಯ ಉದ್ದೇಶದಿಂದ ಬರೆದ ದಾನಶಾಸನಗಳಲ್ಲಿ ಪರೋಕ್ಷವಾಗಿ ದೊರೆಯುವ ಸೂಚನೆಗಳನ್ನೇ ಕೂಡಿಸಿಕೊಳ್ಳಬೇಕಾಗುತ್ತದೆ.

ಇಲ್ಲಿ ಮೊದಲನೆಯ ತೊಡಕು ಬಿರುದುಗಳದು. ಇಮ್ಮಡಿ ಭೈರರಸನು ಕಾರ್ಕಳದಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿ ಶಕ 1508ರಲ್ಲಿ (ಕ್ರಿ. ಶ. 1586) ಬರೆಯಿಸಿದ ಶಾಸನದಲ್ಲಿ ತನ್ನನ್ನು ಜಿನದತ್ತರಾಯನ ವಂಶದವನೆಂದೂ ಪಟ್ಟಿಪೊಂಬುರ್ಚಪುರವರಾಧೀಶ್ವರನೆಂದೂ ಹೇಳಿಕೊಂಡಿದ್ದಾನೆ. ಪೊಂಬುರ್ಚವು ಈಗಿನ ಹೊಂಬುಜ. ಘಟ್ಟದ ಮೇಲಿನ ಊರು. ಆ ಕಾಲಕ್ಕೆ ಅತ್ತ ಕೆಳದಿಯ ನಾಯಕರು ಪ್ರಬಲರಾಗಿದ್ದರು. ಭೈರರಸರ ಮನೆತನವು ಅಲ್ಲಿಂದ ಹೊರಟು ಹಲವು ತಲೆಮಾರುಗಳೇ ಕಳೆದಿದ್ದುವು. ಹೀಗಿರಲಾಗಿ ಬಿರುದಿನಲ್ಲಿ ಬಂದ ಊರನ್ನು ರಾಜಧಾನಿಯೆಂದು ಎಣಿಸುವುದು ಸರಿಯಲ್ಲ. ಬಿರುದು ಹೇಳುವುದು ಎಲ್ಲಿಂದ ಬಂದರೆಂಬುದನ್ನು; ದತ್ತಿಯ ಭೂಮಿ ಹೇಳುವುದು ಎಲ್ಲಿ ಇದ್ದರೆಂಬುದನ್ನು. ಉತ್ತರಮಧುರೆಯಿಂದ ಜಿನದತ್ತನು ಬಂದನೆಂಬ ಐತಿಹ್ಯವನ್ನು ಇದೇ ಒರೆಗಲ್ಲಿಗೆ ಹಚ್ಚಿದರೆ ಅದು ಬಿರುದಿನ ಪಕ್ಷಕ್ಕೆ ಸೇರತಕ್ಕದ್ದೆಂಬುದು ಸ್ಪಷ್ಟ.

ಹೊಂಬುಜದ ವಾಸವಾದರೋ ಕೇವಲ ಬಿರುದಲ್ಲ. ವಿಕ್ರಮಸಾಂತರನು ಕ್ರಿ. ಶ. 897ರಲ್ಲಿ ಮೌನಿಸಿದ್ಧಾಂತ ಭಟ್ಟಾರಕರಿಗಾಗಿ ಅಲ್ಲಿ ಬಸದಿಯನ್ನು ಕಟ್ಟಿಸಿದನು. 1077ರಲ್ಲಿ ಚಟ್ಟಲದೇವಿಯು ಉರ್ವೀತಿಲಕವೆಂಬ ಪಂಚಕೂಟ ಬಸದಿಯನ್ನು ಮಾಡಿಸಿದಳು. ತರುವಾಯ ಸಾಂತರರ ಒಂದು ಶಾಖೆ ಘಟ್ಟದ ಬುಡದ ಸಿಸಿಲವನ್ನೂ ಭದ್ರಾತೀರದ ಕಳಸವನ್ನೂ ಆಶ್ರಯಿಸಿತು. 13ನೆಯ ಶತಮಾನದ ಕಳಸದ ಶಾಸನಗಳಲ್ಲಿ ಜಾಕಲಮಹಾದೇವಿ, ಕಾಳಲಮಹಾದೇವಿ ಎಂಬ ರಾಣಿಯರ ಹೆಸರುಗಳು ಬರುತ್ತವೆ. ಜಿನಭಕ್ತರ ಈ ಮನೆತನಕ್ಕೆ ಕಳಸದಲ್ಲಿ ಕಳಸನಾಥನಾದ ಶಿವನೇ ಊರೊಡೆಯನಾದನು. ನೆಲೆ ಬದಲಾದಂತೆ ಆ ನೆಲೆಯ ದೇವರಿಗೂ ನಡೆದುಕೊಳ್ಳುವುದು ಅರಸರ ಪದ್ಧತಿ. ಆದ್ದರಿಂದ ದತ್ತಿ ಪಡೆದ ದೇವರ ಹೆಸರೂ ವಾಸಸ್ಥಾನವನ್ನು ಗುರುತಿಸಲು ಒಂದು ಸಾಧನವಾಗಬಲ್ಲುದು.

ಕಳಸದಿಂದ ಇಳಿದವರು ಮೊದಲು ಕೆರವಾಸೆಯಲ್ಲಿಯೂ ಅನಂತರ ಕಾರ್ಕಳದಲ್ಲಿಯೂ ನೆಲೆಸಿದರು. ಇದನ್ನು ಒಂದು ಮನೆಯನ್ನು ಬಿಟ್ಟು ಇನ್ನೊಂದನ್ನು ಹೊಕ್ಕಂತೆ ಭಾವಿಸುವುದು ವಾಡಿಕೆ. ಆದರೆ ರಾಜ್ಯಕ್ಕೆ ಕಳಸ-ಕಾರ್ಕಳ ರಾಜ್ಯವೆಂಬ ಜೋಡಿಹೆಸರು ನಿಂತುದನ್ನು ನೋಡಿದರೆ ಹಳೆಯ ನೆಲೆಯನ್ನು ಪೂರ್ಣವಾಗಿ ತೊರೆದಂತೆ ತೋರುವುದಿಲ್ಲ. ಘಟ್ಟದ ಮೇಲಣ ಅಡಕೆ ಮೆಣಸುಗಳೂ ಕೆಳಗಣ ಅಕ್ಕಿಯೂ ಒಂದೇ ಕೈಯಲ್ಲಿರಬೇಕಾದರೆ ಎರಡು ಕಡೆಯೂ ಮನೆ ಬೇಕು. ನಡುವಣ ದಾರಿಯ ಬುಡದಲ್ಲಿ ಕೆರವಾಸೆಯಂಥ ತಂಗುದಾಣವೂ ಬೇಕು. 1530ರ ಶಾಸನವೊಂದರಲ್ಲಿ ಭೈರರಸನ ತಂಗಿ ಕಾಳಲದೇವಿಯು ಕೊಪ್ಪದ ಕಡೆಯ ಬಗುಂಜಿ ಸೀಮೆಯನ್ನು ಆಳುತ್ತಿದ್ದಳೆಂಬುದು ಈ ಊಹೆಗೆ ಬಲವಾದ ಆಧಾರ. ಅಣ್ಣನು ಕೆಳಗೆ, ತಂಗಿಯು ಮೇಲೆ! ಮೇಲಾಗಿ ಇಮ್ಮಡಿ ಭೈರರಸನು ಹಿಂದಿನ ಭೈರರಸನ ಮಗನಲ್ಲ, ತಂಗಿಯಾದ ಗುಮ್ಮಟಾಂಬೆಯ ಮಗ. ಅಳಿಯಸಂತಾನದ ಈ ಕ್ರಮದಲ್ಲಿ ಪಟ್ಟವು ಸೋದರಿಯರ ಮೂಲಕ ಇಳಿಯುವುದರಿಂದ, ಅರಸರ ಪಟ್ಟಿಯನ್ನಷ್ಟೇ ಹಿಡಿದು ಮನೆಗಳನ್ನು ಹುಡುಕುವವರಿಗೆ ಅರ್ಧ ದಾರಿ ತಪ್ಪಿಹೋಗುತ್ತದೆ.

ಕಾರ್ಕಳದ ಕರಾವಳಿ ನೆರೆಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿಯ ಸಣ್ಣ ಒಡೆಯರ ಮನೆಗಳಿಗೆ ಬೀಡು ಎಂದು ಹೆಸರು. ಹಳಗನ್ನಡದಲ್ಲಿ ದಂಡು ಇಳಿದ ತಾಣವನ್ನು ಸೂಚಿಸುವ ಈ ಶಬ್ದವು ತುಳುನಾಡಿನಲ್ಲಿ ಕದಲದ ಮನೆಗೆ ಸಂದುದು ಭಾಷಾಭ್ಯಾಸಿಗಳು ಗಮನಿಸತಕ್ಕ ಸಂಗತಿ. ಉಡುಪಿಯ ಅಂಬಲಪಾಡಿಯ ನಿಡಂಬೂರು ಬೀಡು ಇಂದಿಗೂ ಆ ಹೆಸರನ್ನು ಹೊತ್ತಿದೆ. ಕಾಪುವಿನ ಮದ್ದಹೆಗ್ಗಡೆಯು ಧರ್ಮನಾಥ ಬಸದಿಗೆ ಮಲ್ಲಾರಿನಲ್ಲಿ ಭೂಮಿಯನ್ನು ಬಿಟ್ಟ 1556ರ ತಾಮ್ರಶಾಸನದಲ್ಲಿ ಒಡೆಯನ ಊರೂ ದತ್ತಿಯ ನೆಲವೂ ಅಕ್ಕಪಕ್ಕದವು. ಬಿರುದಿನ ದೂರದೇಶವನ್ನು ಜರಡಿಯಾಡುವ ಶ್ರಮವಿಲ್ಲ. ಈಚಿನ ಕಾಲದಲ್ಲಿ ಮನೆಗಳೇ ಊರು ಬಿಟ್ಟುದುಂಟು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ನಿರ್ಮಿಸಿದ ಪರಂಪರೆಯ ಗ್ರಾಮದಲ್ಲಿ ಕಾಪು ಪ್ರಾಂತದ ಕುಂಜೂರಿನ ಚೌಕಿಮನೆಯೂ ದೂರದ ಮುಧೋಳದ ದರ್ಬಾರು ಭವನವೂ ಮರಳಿ ಜೋಡಿಸಲ್ಪಟ್ಟಿವೆ. ತೊಲೆಕಂಬಗಳು ಉಳಿದುದು ಸಂತೋಷವೇ ಸರಿ. ಆದರೆ ಅವು ನಿಂತಿದ್ದ ನೆಲದ ಸಾಕ್ಷ್ಯವನ್ನು ಮೂಲ ಊರಿನಲ್ಲಿಯೇ ಅರಸಬೇಕು.

ಕಾರ್ಕಳದೊಳಗೆ ಪೇಟೆಯ ಹಳೆಯ ಭಾಗವು ಹಿರಿಯಂಗಡಿ. ಅಲ್ಲಿಯ ಶಾಂತಿನಾಥ ಬಸದಿಯ 1334ರ ಶಾಸನವು ಲೋಕನಾಥರಸನ ಕಾಲದ್ದು; ಅವನ ಸೋದರಿಯರಾದ ಬೊಮ್ಮಲದೇವಿ ಸೋಮಲದೇವಿಯರ ಹೆಸರುಗಳೂ ಅದರಲ್ಲಿವೆ. ಅಷ್ಟರಲ್ಲಿ ಮನೆತನವು ಕಾರ್ಕಳದಲ್ಲಿ ಬೇರೂರಿತ್ತೆನ್ನಲು ಅಡ್ಡಿಯಿಲ್ಲ. 1586ರ ಶಾಸನವು ಗೊಮ್ಮಟನಿರುವ ಎಡೆಯನ್ನು ಪಾಂಡ್ಯನಗರಿಯೆಂದೂ ಬಸದಿಯ ಎಡೆಯನ್ನು ಚಿಕ್ಕಬೆಟ್ಟವೆಂದೂ ಕರೆಯುತ್ತದೆ. ಪಾಂಡ್ಯನಗರಿಯೆಂಬುದು ಹಿರಿಯಂಗಡಿಯ ಪೇಟೆಗಿಂತ ಭಿನ್ನವಾಗಿ ಅರಸರು ಬೆಟ್ಟಗಳ ಮಗ್ಗುಲಲ್ಲಿ ಬೆಳೆಯಿಸಿದ ಹೊಸ ಪಟ್ಟಣವೆಂದು ತೋರುತ್ತದೆ. ಅರಮನೆಯನ್ನು ಅಲ್ಲಿಯೇ ಊಹಿಸುವುದು ಯುಕ್ತ. 1646ರಲ್ಲಿ ಚಂದ್ರಮ ಕವಿಯು ಮಹಾಮಸ್ತಕಾಭಿಷೇಕವನ್ನು ಸಾಂಗತ್ಯದಲ್ಲಿ ವರ್ಣಿಸಿದಾಗ ಇನ್ನೂ ಭೈರರಸರ ಆಳಿಕೆಯಿದ್ದಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಾರ್ಕಳಕ್ಕೆ ಬಂದಾಗ ಆ ಒಡೆಯರ ಅರಮನೆ ಊರ ಬಳಿಯ ಪಾಳುಗೋಡೆಗಳಾಗಿತ್ತು. ದೇವರಿಗೆ ಕರಿಗಲ್ಲು, ತಮಗೆ ಮರ, ಮಣ್ಣು, ಮುರಕಲ್ಲು ಎಂಬುದು ತುಳುನಾಡಿನ ರೂಢಿ. ಮಾಡು ಹೋದ ಮೇಲೆ ಅಂಥ ಗೋಡೆಗೆ ಕೆಲವು ಮಳೆಗಾಲಗಳೇ ಸಾಕು.