ಕೊನೆಯ ಬೋಗಿಯ ಕೆಂಪು ದೀಪ

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ನಿಮಗೊಂದು ಸಣ್ಣ ಪ್ರಶ್ನೆ ಕೇಳ್ತೀನಿ. ನಮ್ಮ ದೇಶದ ಐದು ಜನ ಕ್ರಿಕೆಟಿಗರ ಹೆಸರು ಹೇಳಿ ಅಂದ್ರೆ ಉಸಿರು ಬಿಡದೆ ಹೇಳ್ತೀರಿ. ಕಬಡ್ಡಿಯವರು ಇಬ್ಬರು? ಅದೂ ಆಗುತ್ತೆ. ಒಬ್ಬ, ಒಬ್ಬನೇ ಒಬ್ಬ ಸೈಕ್ಲಿಸ್ಟ್ ಹೆಸರು ಹೇಳಿ ನೋಡೋಣ.

ಬರಲಿಲ್ಲ ಅಲ್ವಾ? ಬೇಜಾರು ಮಾಡ್ಕೋಬೇಡಿ. ಸೈಕಲ್ ನಮಗೆ ಹೊಸದೇನಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರಿನ ಸುತ್ತ ಹಾಲಿನ ಕ್ಯಾನು, ತೊಗರಿ ಚೀಲ, ಮಕ್ಕಳ ಪಾಟಿಚೀಲ ಎಲ್ಲವನ್ನೂ ಹೊತ್ತದ್ದು ಸೈಕಲ್ಲೇ. ಸಿಮೆಂಟ್ ಕಾರ್ಖಾನೆಯ ಸೈರನ್ ಆದ ಕೂಡಲೇ ಗೇಟಿನಿಂದ ಸಾಲುಸಾಲಾಗಿ ಹೊರಬರುತ್ತಿದ್ದದ್ದೂ ಸೈಕಲ್ಲೇ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ ಎಷ್ಟೋ ಹಳ್ಳಿ, ತಾಂಡಾಗಳ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದದ್ದು ಅದರ ಮೇಲೇ. ಸೈಕಲ್ ಗೊತ್ತು, ಸೈಕಲ್ ತುಳಿಯೋದೇ ಕೆಲಸವಾದವನು ಗೊತ್ತಿಲ್ಲ.

ಅವನ ಕೆಲಸ ಏನು, ಅವನಿಗೆ ಸಂಬಳ ಎಷ್ಟು, ಅವನಿಗೆ ನಾವು ಯಾಕೆ ಚಪ್ಪಾಳೆ ತಟ್ಟಬೇಕು? ಇವತ್ತಿನ ಮಾತು ಇಷ್ಟೇ.

ಮೊದಲು ಕೆಲಸ ಏನು ಅಂತ ನೋಡಿ. ರಸ್ತೆ ಸೈಕಲ್ ರೇಸು ಹೊರಗಿನಿಂದ ನೋಡೋದಕ್ಕೆ ಒಬ್ಬೊಬ್ಬರ ಓಟ. ಒಳಗೆ ಅದು ತಂಡದ ಆಟ. ಸೇಡಂ ರಸ್ತೆಯಲ್ಲಿ ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಎದೆಗೆ ಗುದ್ದುತ್ತೆ. ಮುಂದೆ ಇನ್ನೊಬ್ಬ ಸೈಕಲ್‌ನವನು ಹೋಗ್ತಿದ್ದರೆ ಅವನ ಬೆನ್ನ ಹಿಂದೆ ಗಾಳಿ ಕಮ್ಮಿ. ವೇಗದ ಗುಂಪಿನಲ್ಲಿ ಹೀಗೆ ಹಿಂದೆ ಇರುವವನಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತೆ. ಹಾಗಾಗಿ ಪ್ರತಿ ತಂಡದಲ್ಲೂ ಗೆಲ್ಲಬೇಕಾದವನು ಒಬ್ಬ ಇರ್ತಾನೆ, ಅವನಿಗೆ ಗಾಳಿ ತಾಗದ ಹಾಗೆ ಮುಂದೆ ನಿಂತು ತುಳಿಯುವವರು ಉಳಿದವರು. ನೀರಿನ ಬಾಟಲಿ ಬೇಕಾದರೆ ಹಿಂದಿನ ಕಾರಿನ ತನಕ ಹೋಗಿ ಅಂಗಿಯೊಳಗೆ ತುಂಬಿಕೊಂಡು ಮತ್ತೆ ಮುಂದಕ್ಕೆ ಬರುವವರೂ ಅವರೇ. ನಾಯಕನ ಚಕ್ರ ಪಂಕ್ಚರ್ ಆದರೆ ತಮ್ಮ ಚಕ್ರ ಬಿಚ್ಚಿ ಕೊಡುವವರೂ ಅವರೇ. ಫ್ರೆಂಚರು ಇಂಥವನಿಗೆ ಇಟ್ಟ ಹೆಸರು 'ದೊಮೆಸ್ತಿಕ್'. ಅಂದ್ರೆ ಮನೆಯಾಳು. ಹೆಸರಿನಲ್ಲೇ ಗೊತ್ತಾಯ್ತಲ್ಲ, ಅವನ ಸ್ಥಾನ ಎಲ್ಲಿ ಅಂತ?

1934ರ ಟೂರ್ ಡಿ ಫ್ರಾನ್ಸ್. ರೆನೆ ವಿಯೆಟೊ ಅಂತ 20 ವರ್ಷದ ಹುಡುಗ. ಬೆಟ್ಟ ಹತ್ತೋದರಲ್ಲಿ ಅವನಿಗೆ ಸರಿಸಾಟಿ ಕಡಿಮೆ. ಆದರೆ ತಂಡದ ನಾಯಕ ಆಂತೊನಿನ್ ಮಾನ್ಯ. ಪಿರೆನೀಸ್ ಬೆಟ್ಟದಲ್ಲಿ ನಾಯಕನ ಚಕ್ರ ಕೆಟ್ಟಾಗ ವಿಯೆಟೊ ತನ್ನ ಮುಂದಿನ ಚಕ್ರ ಬಿಚ್ಚಿ ಕೊಟ್ಟ. ಬೇರೆ ಚಕ್ರ ಬರೋ ತನಕ ರಸ್ತೆ ಬದಿ ಗೋಡೆ ಮೇಲೆ ಕೂತು ಅತ್ತ. ಮರುದಿನ ನಾಯಕನಿಗೆ ಮತ್ತೆ ತೊಂದರೆ ಆಯ್ತು. ಈ ಸಲ ವಿಯೆಟೊ ಮುಂದೆ ಹೋಗಿದ್ದವನು ರೇಸಿಗೆ ಎದುರಾಗಿ ತಿರುಗಿ ಬಂದು ಸೈಕಲ್ಲನ್ನೇ ಕೊಟ್ಟ. ಮಾನ್ಯ ಗೆದ್ದ, ವಿಯೆಟೊ ಐದನೆಯವನಾದ. ಮುಂದೆ ಜೀವಮಾನದಲ್ಲಿ ಒಂದು ಸಲವೂ ಅವನು ಆ ರೇಸ್ ಗೆಲ್ಲಲಿಲ್ಲ. ಆದರೂ ಗೋಡೆ ಮೇಲೆ ಕೂತ ಹುಡುಗನ ಫೋಟೋ ನೋಡಿದ ಫ್ರಾನ್ಸಿನ ಜನ ಅವನನ್ನ ಎತ್ತಿ ಆಡಿಸಿದರು. ಗೆದ್ದವನಿಗಿಂತ ಜಾಸ್ತಿ ಪ್ರೀತಿ ಸಿಕ್ಕಿದ್ದು ಅವನಿಗೇ.

ಈಗ ದುಡ್ಡಿನ ಲೆಕ್ಕ. ಟೂರ್ ಡಿ ಫ್ರಾನ್ಸ್‌ನಲ್ಲಿ 21 ದಿನದ ಸವಾರಿ, ಸುಮಾರು 3,400 ಕಿಲೋಮೀಟರ್. ಗೆದ್ದವನ ಬಹುಮಾನ 5 ಲಕ್ಷ ಯೂರೋ. ವಾಡಿಕೆಯಂತೆ ಅದನ್ನೂ ಅವನು ಒಬ್ಬನೇ ಇಟ್ಟುಕೊಳ್ಳಲ್ಲ, ತಂಡದವರಿಗೆ ಹಂಚ್ತಾನೆ. ಕೊನೆಯವನಾಗಿ ಮುಗಿಸಿದವನಿಗೆ ಸಿಗೋದು 1,000 ಯೂರೋ, ನಮ್ಮ ರೂಪಾಯಿಯಲ್ಲಿ ಲಕ್ಷದ ಆಸುಪಾಸು. ಇನ್ನು ಸಂಬಳ. ದೊಡ್ಡ ಹೆಸರಿನವರಿಗೆ ವರ್ಷಕ್ಕೆ ಕೋಟಿಗಟ್ಟಲೆ ಇದೆ, ಸುಳ್ಳು ಹೇಳಲ್ಲ. ಆದರೆ ಮೊದಲ ದರ್ಜೆಯ ತಂಡದ ಸಾಮಾನ್ಯ ಸವಾರನಿಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2022ರಲ್ಲಿ ಇಟ್ಟಿದ್ದ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 40,000 ಯೂರೋ. ನಮಗೆ ದೊಡ್ಡದಾಗಿ ಕಾಣುತ್ತೆ. ಯುರೋಪಿನ ಮನೆಬಾಡಿಗೆ, ತೆರಿಗೆ ಲೆಕ್ಕ ಹಾಕಿದರೆ ಅದು ಅಲ್ಲಿಯ ಸಾಮಾನ್ಯ ನೌಕರನ ಸಂಬಳ. ಅದೂ ಬಿದ್ದು ಎಲುಬು ಮುರಿಯುವ ತನಕ. ಹೆಂಗಸರ ತಂಡಗಳಿಗೆ 2020ಕ್ಕಿಂತ ಮುಂಚೆ ಕನಿಷ್ಠ ಸಂಬಳ ಅನ್ನೋದೇ ಇರಲಿಲ್ಲ. ಆ ವರ್ಷ ಬಂದದ್ದು 15,000 ಯೂರೋ. ಮೂರನೇ ದರ್ಜೆಯ ತಂಡಗಳಿಗೆ ಅಂಥ ಕನಿಷ್ಠ ಇವತ್ತಿಗೂ ಇಲ್ಲ. ಬೆಂಗಳೂರಿನಲ್ಲಿದ್ದು ತಯಾರಾದ ನವೀನ್ ಜಾನ್, ರಾಷ್ಟ್ರೀಯ ಚಾಂಪಿಯನ್ ಆದವರು, ಆಸ್ಟ್ರೇಲಿಯಾದ ತಂಡವೊಂದಕ್ಕೆ ಸೇರಿ ಹೊರದೇಶದಲ್ಲಿ ರೇಸ್ ಮಾಡಿದ್ದು ಈ ಮೂರನೇ ದರ್ಜೆಯಲ್ಲೇ. ನಮ್ಮವರಿಗೆ ಆ ಬಾಗಿಲು ತಟ್ಟೋದೇ ದೊಡ್ಡ ಸಾಹಸ.

ಯಾಕೆ ಇಷ್ಟು ಕಮ್ಮಿ? ಕಾರಣ ಸರಳ. ಕ್ರಿಕೆಟ್ ನೋಡಬೇಕಾದರೆ ಸ್ಟೇಡಿಯಂಗೆ ಟಿಕೆಟ್ ಬೇಕು. ಸೈಕಲ್ ರೇಸು ನಡೆಯೋದು ರಸ್ತೆ ಮೇಲೆ, ರಸ್ತೆಗೆ ಗೇಟು ಎಲ್ಲಿದೆ? ಲಕ್ಷಾಂತರ ಜನ ಪುಕ್ಕಟೆ ನೋಡ್ತಾರೆ. ಟಿವಿ ಹಕ್ಕಿನ ದುಡ್ಡು ಬಹುತೇಕ ರೇಸ್ ನಡೆಸುವವರ ಕೈಗೆ ಹೋಗುತ್ತೆ. ತಂಡ ಬದುಕೋದು ಅಂಗಿ ಮೇಲೆ ಹೆಸರು ಹಾಕಿಸಿಕೊಳ್ಳುವ ಪ್ರಾಯೋಜಕರ ಮೇಲೆ. ಅವರು ಕೈ ಎತ್ತಿದರೆ ತಂಡವೇ ಮುಚ್ಚುತ್ತೆ, ಸವಾರ ಬೀದಿಗೆ ಬೀಳ್ತಾನೆ.

ಅಂದಮೇಲೆ ಪ್ರಾಯೋಜಕ ಏನು ನೋಡ್ತಾನೆ? ಜನ ನೋಡ್ತಿದಾರಾ ಇಲ್ವಾ ಅಂತ. ಚಪ್ಪಾಳೆಗೂ ಸಂಬಳಕ್ಕೂ ಗಂಟು ಬೀಳೋದು ಇಲ್ಲೇ.

ವಾಡಿ ಜಂಕ್ಷನ್ನಿನವರಿಗೆ ಈ ಗಂಟು ಬೇಗ ಅರ್ಥ ಆಗುತ್ತೆ. ರಾತ್ರಿ ರೈಲು ಹೋದ ಮೇಲೆ ಕೊನೆಯ ಬೋಗಿಯ ಹಿಂದೆ ಕೆಂಪು ದೀಪ ಕಾಣುತ್ತಲ್ಲ? ಅದು ಕಂಡರೆ ಗಾಡಿ ಪೂರ್ತಿ ಬಂತು, ಯಾವ ಡಬ್ಬಿಯೂ ಹಿಂದೆ ಕಳಚಿಕೊಂಡು ಉಳಿದಿಲ್ಲ ಅಂತ ಲೆಕ್ಕ. ಟೂರ್ ಡಿ ಫ್ರಾನ್ಸ್‌ನಲ್ಲಿ ಎಲ್ಲರಿಗಿಂತ ಕೊನೆಗೆ ಬರುವವನಿಗೆ ಆ ದೀಪದ್ದೇ ಹೆಸರು, 'ಕೆಂಪು ಲಾಟೀನು'. ಮಜಾ ಏನಂದ್ರೆ, ಜನ ಆ ಕೊನೆಯವನನ್ನ ವಿಪರೀತ ಇಷ್ಟಪಟ್ಟರು. ಟೂರ್ ಮುಗಿದ ಮೇಲೆ ಊರೂರಲ್ಲಿ ನಡೆಯುವ ಪ್ರದರ್ಶನ ರೇಸುಗಳಿಗೆ ಅವನನ್ನ ದುಡ್ಡು ಕೊಟ್ಟು ಕರೆಸಿದರು. ಅವನಿಗಿಂತ ನಾಲ್ಕು ಸ್ಥಾನ ಮುಂದೆ ಬಂದವನನ್ನ ಕೇಳೋರಿಲ್ಲ, ಕೊನೆಯವನಿಗೆ ಆಮಂತ್ರಣ! 1979ರಲ್ಲಂತೂ ಶೋನ್‌ಬಾಖರ್, ತೆನಿಯೇರ್ ಅನ್ನೋ ಇಬ್ಬರು ಕೊನೆಯ ಸ್ಥಾನಕ್ಕೇ ಪೈಪೋಟಿ ಮಾಡಿದರು. ತೆನಿಯೇರ್ ಎಷ್ಟು ನಿಧಾನ ತುಳಿದ ಅಂದ್ರೆ, ಸಮಯದ ಮಿತಿ ದಾಟಿ ರೇಸಿನಿಂದಲೇ ಹೊರಬಿದ್ದ.

ನಗು ಬರುತ್ತೆ. ಆದರೆ ಇದರೊಳಗಿನ ಮಾತು ನಗೆಯದ್ದಲ್ಲ. ಆ ಕೊನೆಯವನ ಕಾಲಲ್ಲಿ ಶಕ್ತಿ ಹೆಚ್ಚಾಗಿರಲಿಲ್ಲ. ರಸ್ತೆ ಬದಿ ನಿಂತವರು ಅವನ ಹೆಸರು ಹಿಡಿದು ಕೂಗಿದರು, ಆ ಕೂಗೇ ಅವನಿಗೆ ಅನ್ನ ಆಯ್ತು.

ಫ್ರಾನ್ಸ್ ದೂರ ಆಯ್ತು ಅಂತೀರಾ? ಕಬಡ್ಡಿ ತಗೊಳ್ಳಿ. ನಮ್ಮ ಮಣ್ಣಿನ ಆಟ. ಇದೂ ಜಾತ್ರೆಯ ಆಟ, ಪುಣ್ಯ ಇದ್ದರೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ನೌಕರಿ ಕೊಡಿಸುವ ಆಟ ಅಂತಿತ್ತು. 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂತು. ಆ ವರ್ಷದ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. 2022ರಲ್ಲಿ ಪವನ್ ಸೆಹ್ರಾವತ್‌ಗೆ ಬಿದ್ದ ಕೂಗು 2 ಕೋಟಿ 26 ಲಕ್ಷ. ಎಂಟೇ ವರ್ಷ. ಅದೇ ಅಂಕಣ, ಅದೇ ಉಸಿರು. ಬದಲಾದದ್ದು ನೋಡುವವರ ಸಂಖ್ಯೆ. ನಾನು ಸುದ್ದಿ ಓದುವವನು. ಯಾವ ಸುದ್ದಿಗೆ ಎಷ್ಟು ಸೆಕೆಂಡು ಸಿಗುತ್ತೆ ಅನ್ನೋದು ನೀವು ಯಾವುದಕ್ಕೆ ಚಾನಲ್ ಬದಲಾಯಿಸದೆ ಕೂರ್ತೀರಿ ಅನ್ನೋದರ ಮೇಲೆ ನಿಂತಿದೆ ಅಂತ ದಿನಾ ನೋಡ್ತೀನಿ.

ಈಗ ನಮ್ಮ ಪಕ್ಕದ ಮನೆಗೆ ಬರೋಣ. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದ್ರೆ ವಿಜಯಪುರ, ಬಾಗಲಕೋಟೆ. ಕಲಬುರಗಿಯಿಂದ ಬಸ್ ಹತ್ತಿದರೆ ಅದೇ ದಿನ ಮುಟ್ಟುವ ಊರುಗಳು. ಅದೇ ಬಿಸಿಲು, ಅದೇ ಜೋಳದ ರೊಟ್ಟಿ, ಅದೇ ತಾಂಡಾ, ಅದೇ ಒಣಬೇಸಾಯ. ಕ್ರೀಡಾ ಇಲಾಖೆಯ ಹಾಸ್ಟೆಲ್‌ನಲ್ಲಿ ಇದ್ದುಕೊಂಡು, ನಸುಕಿಗೆ ಎದ್ದು, ಲಾರಿಗಳ ಪಕ್ಕದಲ್ಲಿ ತುಳಿದು, ರೈತರ, ಕೂಲಿಯವರ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಒಳ್ಳೆ ರೇಸಿಂಗ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ. ಇಷ್ಟೆಲ್ಲ ಯಾತಕ್ಕೆ? ಹೆಚ್ಚಿನವರ ಕಣ್ಣು ಇರೋದು ಪ್ಯಾರಿಸ್ ಮೇಲಲ್ಲ. ರೈಲ್ವೆಯ ಕ್ರೀಡಾ ಕೋಟಾ ಮೇಲೆ, ಸೇನೆಯ ನೌಕರಿ ಮೇಲೆ.

ಇದನ್ನ ಸಣ್ಣದಾಗಿ ನೋಡಬೇಡಿ. ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರ ನೌಕರಿಯ ಮೊದಲ ಮೆಟ್ಟಿಲಿನ ಮೂಲವೇತನ 18,000 ರೂಪಾಯಿ, ಎರಡನೆಯದು 19,900, ಐದನೆಯದು 29,200. ಮೇಲೆ ತುಟ್ಟಿಭತ್ಯೆ, ಕ್ವಾರ್ಟರ್ಸು, ಪಾಸು. ಕ್ರೀಡಾ ಕೋಟಾದವರನ್ನ ಅವರ ಸಾಧನೆ ನೋಡಿ ಈ ಮೆಟ್ಟಿಲುಗಳಲ್ಲಿ ಯಾವುದಾದರೊಂದರ ಮೇಲೆ ನಿಲ್ಲಿಸ್ತಾರೆ. ವಾಡಿಯ ರೈಲ್ವೆ ಕಾಲೊನಿ ನೋಡಿದವರಿಗೆ ಗೊತ್ತು, ಒಂದು ರೈಲ್ವೆ ನೌಕರಿ ಒಂದು ಮನೆತನವನ್ನೇ ದಡ ಹತ್ತಿಸುತ್ತೆ. "ಸೈಕಲ್ ತುಳದ್ರ ಏನ್ ಬರ್ತದ?" ಅಂತ ಅಪ್ಪ ಕೇಳಿದರೆ, ಹುಡುಗ ಕೊಡಬಹುದಾದ ಗಟ್ಟಿ ಉತ್ತರ ಇವತ್ತಿಗೆ ಇದೊಂದೇ.

ಆದರೆ ಇಲ್ಲೊಂದು ಮುಳ್ಳಿದೆ. ನೌಕರಿ ಕೊಡುವವರು ನೋಡೋದು ಪದಕದ ಸರ್ಟಿಫಿಕೇಟು. ರಸ್ತೆ ರೇಸಿನಲ್ಲಿ ಪದಕ ಮೂರೇ ಜನಕ್ಕೆ. ಎಂಬತ್ತು ಕಿಲೋಮೀಟರ್ ಗಾಳಿ ಸೀಳಿ, ಗೆಳೆಯನನ್ನ ಬೆನ್ನ ಹಿಂದೆ ಕಾಪಾಡಿ, ಕೊನೆಯ ಕಿಲೋಮೀಟರಿನಲ್ಲಿ ಸುಸ್ತಾಗಿ ಇಪ್ಪತ್ತನೆಯವನಾಗಿ ಬಂದವನ ಕಾಗದದಲ್ಲಿ ಏನಿರುತ್ತೆ? 'ಭಾಗವಹಿಸಿದ್ದಾನೆ' ಅಂತ ಇರುತ್ತೆ. ಯುರೋಪಿನ ಮನೆಯಾಳಿಗೆ ಕಮ್ಮಿಯಾದರೂ ಸಂಬಳ ಇದೆ. ನಮ್ಮ ಮನೆಯಾಳಿಗೆ ಅದೂ ಇಲ್ಲ. ಎರಡು-ಮೂರು ವರ್ಷ ಕಾದು, ಇಪ್ಪತ್ತೆರಡಕ್ಕೆ ಸೈಕಲ್ ಮಾರಿ, ಅವನು ಕೂಲಿಗೋ ಡ್ರೈವಿಂಗಿಗೋ ಹೋದರೆ ತಪ್ಪು ಅವನದಾ?

ಇದಕ್ಕೆ ಏನು ಮಾಡಬಹುದು? ದೆಹಲಿಗೆ ಪತ್ರ ಬರೆಯೋದು ಆಮೇಲೆ. ನಮ್ಮ ಭಾಗದಲ್ಲೇ ದಾರಿ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡ 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿ ಇದೆ. ಸೈಕ್ಲಿಂಗ್ ಒಲಿಂಪಿಕ್ ಕ್ರೀಡೆ. 1964ರ ಟೋಕಿಯೊ ನಂತರ ನಮ್ಮವರು ಯಾರೂ ಒಲಿಂಪಿಕ್ಸ್‌ನಲ್ಲಿ ಸೈಕಲ್ ತುಳಿದಿಲ್ಲ ಅನ್ನೋದು ಬೇರೆ ಮಾತು. ಸಿಮೆಂಟ್ ಕಾರ್ಖಾನೆಗಳು ವಾಡಿಯಲ್ಲಿವೆ, ಸೇಡಂನಲ್ಲಿವೆ, ಮಳಖೇಡದಲ್ಲಿವೆ. ನಮ್ಮ ನೆಲದ ಸುಣ್ಣದ ಕಲ್ಲಿನಿಂದ ದೇಶದ ಮನೆಗಳು ಎದ್ದಿವೆ. ಅದರ ಲಾಭದ ಒಂದು ಚೂರು ಹತ್ತು ಹುಡುಗ-ಹುಡುಗಿಯರಿಗೆ ಮೂರು ವರ್ಷದ ತಿಂಗಳ ಸ್ಟೈಪೆಂಡ್ ಆಗಬಹುದು. ಪದಕ ತಂದವರಿಗೆ ಮಾತ್ರ ಅಂತ ಷರತ್ತು ಹಾಕಬೇಡಿ. ಗಾಳಿಗೆ ಎದೆ ಕೊಟ್ಟವರಿಗೂ ಕೊಡಿ. ಇಷ್ಟು ಕೇಳೋದು ಭಿಕ್ಷೆ ಅಲ್ಲ ಸ್ವಾಮಿ, ಕಾನೂನೇ ಬಾಗಿಲು ತೆಗೆದಿಟ್ಟಿದೆ.

ಇನ್ನೊಂದು, ರಸ್ತೆ. ಶಹಾಬಾದಿನಿಂದ ಹೊರಟು ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ ಕಾಡಿನ ಅಂಚು ಮುಟ್ಟುವ ದಾರಿಯನ್ನ ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಪರಸಿ ಕಲ್ಲಿನ ಗಣಿ, ತೊಗರಿ ಹೊಲ, ಕಾಗಿಣಾ ನದಿ, ಕೊನೆಗೆ ಚಿಂಚೋಳಿಯ ಏರು. ಮೊದಲ ನಾಲ್ಕು ಊರಿಗೆ ರೈಲು ಇದೆ, ಚಿಂಚೋಳಿಗೆ ಇಲ್ಲ. ಸೈಕಲ್ಲಾದರೂ ಅಲ್ಲಿಯ ತನಕ ಹೋಗಲಿ! ಡಿಸೆಂಬರ್ ಚಳಿಯಲ್ಲಿ ಒಂದು ಭಾನುವಾರ, ಬೆಳಿಗ್ಗೆ ನಾಲ್ಕು ತಾಸು ಲಾರಿ, ಬಲ್ಕರ್ ನಿಲ್ಲಿಸಿ ಈ ದಾರಿಯಲ್ಲಿ ರೇಸ್ ಮಾಡಿಸೋಕೆ ಜಿಲ್ಲಾಡಳಿತಕ್ಕೆ ಬೇಕಾಗೋದು ಪೊಲೀಸ್ ಬಂದೋಬಸ್ತು, ಒಂದೆರಡು ಆಂಬುಲೆನ್ಸು, ಮನಸ್ಸು. ಸ್ಟೇಡಿಯಂ ಕಟ್ಟೋದು ಬೇಡ, ಟೆಂಡರ್ ಬೇಡ. ರಸ್ತೆಯ ಗುಂಡಿ ಮುಚ್ಚಿದರೆ ಸಾಕು, ಅದು ಹೇಗಿದ್ದರೂ ಮುಚ್ಚಬೇಕಾದದ್ದೇ.

ಅಂಥ ರೇಸು ಬಂದ ದಿನ ನೀವು ಮಾಡಬೇಕಾದ್ದು ಒಂದೇ ಕೆಲಸ. ಮೊದಲ ಹತ್ತು ಜನ ಸುಯ್ಯಂತ ಹೋದ ಕೂಡಲೇ "ಮುಗೀತು ನಡಿ" ಅಂತ ಮನೆಗೆ ಹೋಗಬೇಡಿ. ಸೈಕಲ್ ರೇಸಿನಲ್ಲಿ ಮುಂದಿನವರು ಕಣ್ಣಿಗೆ ಕಾಣೋದು ಮೂರು ಸೆಕೆಂಡು. ಹಿಂದೆ ಬರುವವರು ನಿಧಾನ ಬರ್ತಾರೆ, ಅವರ ಮುಖ ಕಾಣುತ್ತೆ. ಅಂಗಿ ಮೇಲಿನ ನಂಬರ್ ನೋಡಿ, ಪಟ್ಟಿಯಲ್ಲಿ ಹೆಸರು ಹುಡುಕಿ, ಆ ಹೆಸರು ಹಿಡಿದು "ಭಲೇ, ತುಳಿ ತಮ್ಮಾ", "ಭಲೇ, ತುಳಿ ತಂಗೀ" ಅಂತ ಕೂಗಿ. ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ಅವರದ್ದೂ ಮಾಡಿ, ನಮಗೂ ಕಳಿಸಿ. ಗೆದ್ದವನ ಹೆಸರು ಹೇಗೂ ಸ್ಕ್ರೋಲ್‌ನಲ್ಲಿ ಓಡುತ್ತೆ. ಇಪ್ಪತ್ತನೆಯವನ ಹೆಸರು ಓಡಿಸೋದಕ್ಕೆ ನಿಮ್ಮ ಕೂಗು ನಮಗೆ ಬೇಕು.