ಆಯ್ಕೆಯೂ ಒಂದು ಅಳತೆಯೇ

ಗದಗಿನ ಬಾಲಕ ಭೀಮಸೇನ ಜೋಶಿ 1936ರಲ್ಲಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಶಿಷ್ಯನಾದನು. ಗುರುಗೃಹದಲ್ಲಿ ಆತನು ನೀರು ಹೊರುವುದೇ ಮೊದಲಾದ ಕೆಲಸಗಳನ್ನು ಮಾಡಿದುದು ಧಾರವಾಡದ ಸೀಮೆಯಲ್ಲಿ ಎಲ್ಲರೂ ಕೇಳಿದ ಸಂಗತಿ. ಹಳೆಯ ಗುರುಕುಲಗಳಲ್ಲಿ ಇಂಥ ಸೇವೆಯು ಒಂದು ಬಗೆಯ ಪರೀಕ್ಷೆಯೂ ಆಗಿದ್ದಿತು. ಕಂಠದ ಗುಣವನ್ನು ಒಂದು ಗಳಿಗೆಯಲ್ಲಿ ತಿಳಿಯಬಹುದು; ತಾಳ್ಮೆಯನ್ನು ತಿಳಿಯಬೇಕಾದರೆ ತಿಂಗಳುಗಳೇ ಬೇಕು.

ಹೊಸಬರನ್ನು ಅರಿತುಕೊಳ್ಳುವ ಈ ಹಳೆಯ ಸಮಸ್ಯೆಯು ಇಂದು ಅಂತರಜಾಲದ ಪಾತ್ರಾಭಿನಯದ ಆಟಗಳಲ್ಲಿ ಹೊಸ ರೂಪವನ್ನು ತಾಳಿದೆ. ಇಂಥ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ಯೋಧನಾಗಿಯೋ ವೈದ್ಯನಾಗಿಯೋ ಒಂದು ಪಾತ್ರವನ್ನು ಧರಿಸುವನು. ಹಲವರು ಕೂಡಿ ಕಟ್ಟಿಕೊಂಡ ಬಳಗಕ್ಕೆ ‘ಗಿಲ್ಡ್’ ಎಂದು ಹೆಸರು. 2004ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದ ಮೊದಲ ವರ್ಷಗಳಲ್ಲಿ, ದೊಡ್ಡ ಕಾಳಗಗಳಿಗೆ 40 ಮಂದಿ ಒಂದುಗೂಡಬೇಕಾಗಿದ್ದಿತು. ಒಬ್ಬನು ಎಚ್ಚರ ತಪ್ಪಿದರೆ ಉಳಿದವರ ಶ್ರಮವೆಲ್ಲವೂ ವ್ಯರ್ಥ. ಆದರೆ ಬರುವವನ ಮುಖವನ್ನು ಯಾರೂ ಕಂಡಿಲ್ಲ, ಊರನ್ನೂ ಅರಿಯರು.

ಆದುದರಿಂದ ಅನೇಕ ಗಿಲ್ಡುಗಳು ಮೂರು ಹಂತಗಳಲ್ಲಿ ಆಯ್ಕೆ ನಡೆಸುವುವು. ಮೊದಲನೆಯದು ಅರ್ಜಿ, ಅಭಿನಯಕ್ಕೇ ಪ್ರಾಧಾನ್ಯ ಕೊಡುವ ಬಳಗವು ಪಾತ್ರದ ಪೂರ್ವಕಥೆಯನ್ನೂ ಬರೆಯಿಸುವುದುಂಟು. ಎರಡನೆಯದು ಸಂಭಾಷಣೆ. ಮೂರನೆಯದು ಕೆಲವು ವಾರಗಳ ಪ್ರಾಯೋಗಿಕ ಸದಸ್ಯತ್ವ. ಹೊಸಬನು ಹೊತ್ತಿಗೆ ಸರಿಯಾಗಿ ಬರುವನೇ, ಸೋತಾಗ ಹೇಗೆ ವರ್ತಿಸುವನು, ಇತರರ ಪಾತ್ರಗಳಿಗೆ ಏನಾಗಬೇಕೆಂಬುದನ್ನು ಅವರನ್ನು ಕೇಳದೆ ತಾನೇ ನಿರ್ಧರಿಸಿಬಿಡುವನೇ ಎಂಬುದು ಆಗ ತಿಳಿದುಬರುವುದು.

ಇಷ್ಟು ದೀರ್ಘವಾದ ಪರೀಕ್ಷೆ ಏಕೆ? ಪ್ರಯೋಗಶಾಲೆಯ ಲೋಲಕವನ್ನು ನೆನೆಯಿರಿ. ಒಂದು ಮೀಟರು ಉದ್ದದ ಲೋಲಕದ ಆಂದೋಲನಕ್ಕೆ ಸುಮಾರು 2 ಸೆಕೆಂಡು ಹಿಡಿಯುವುದು. ಗಡಿಯಾರವನ್ನು ಒತ್ತುವ ನಮ್ಮ ಕೈ 0.2 ಸೆಕೆಂಡು ತಪ್ಪಿತೆನ್ನೋಣ. ಒಂದೇ ಆಂದೋಲನವನ್ನು ಅಳೆದರೆ ದೋಷವು ನೂರಕ್ಕೆ ಹತ್ತು. ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಅಳೆದರೆ ಅದೇ ದೋಷವು ಇಪ್ಪತ್ತರಲ್ಲಿ ಹಂಚಿಹೋಗಿ, ಒಂದೊಂದರ ಪಾಲಿಗೆ 0.01 ಸೆಕೆಂಡು ಮಾತ್ರ ಬರುವುದು. ಒಂದು ಸಂಜೆಯ ಅದೃಷ್ಟ ದುರದೃಷ್ಟಗಳೂ ಹೀಗೆಯೇ ಹಲವು ವಾರಗಳಲ್ಲಿ ಹಂಚಿಹೋಗುವುವು.

ಒಂದೇ ಪರೀಕ್ಷೆಯನ್ನು ನಂಬಿದರೆ ಆಗುವ ಅನ್ಯಾಯವನ್ನು ಲೆಕ್ಕದಿಂದ ನೋಡೋಣ. 100 ಮಂದಿ ಅರ್ಜಿದಾರರಲ್ಲಿ 10 ಮಂದಿ ವಂಚಕರೆಂದು ಭಾವಿಸಿರಿ. ಪರೀಕ್ಷೆಯು ಎರಡು ಪಂಗಡಗಳಲ್ಲಿಯೂ ನೂರಕ್ಕೆ 80ರಷ್ಟು ಸರಿಯಾಗಿರಲಿ. ವಂಚಕರಲ್ಲಿ 8 ಮಂದಿ ಸಿಕ್ಕಿಬೀಳುವರು. ಆದರೆ 90 ಮಂದಿ ಸಜ್ಜನರಲ್ಲಿ 18 ಮಂದಿಯ ಮೇಲೂ ಸಂಶಯ ಬೀಳುವುದು! ಸಂಶಯಕ್ಕೊಳಗಾದ 26 ಮಂದಿಯಲ್ಲಿ 18 ಮಂದಿ ನಿರಪರಾಧಿಗಳು. ಇವರನ್ನು ಕೂಡಲೆ ಹೊರದೂಡದೆ, ಅಷ್ಟೇ ಸಾಮರ್ಥ್ಯದ ಬೇರೊಂದು ಪರೀಕ್ಷೆಗೆ ಒಳಪಡಿಸಿದರೆ, ತಪ್ಪಾಗಿ ಹೊರಬೀಳುವ ಸಜ್ಜನರು ಸುಮಾರು 4ಕ್ಕೆ ಇಳಿಯುವರು. ಬೆಲೆಯೂ ಉಂಟು: ಒಳನುಸುಳುವ ವಂಚಕರು 2ರಿಂದ ಸುಮಾರು 4ಕ್ಕೆ ಏರುವರು.

ಎಷ್ಟು ಸಲ ಅಳೆದರೂ ಹೋಗದ ಇನ್ನೊಂದು ದೋಷವಿದೆ. ಸ್ಕ್ರೂಗೇಜಿನ ಸೊನ್ನೆಯೇ ತಪ್ಪಿದ್ದರೆ ಸಾವಿರ ಸಲ ಅಳೆದರೂ ಉತ್ತರ ತಪ್ಪೇ. ನವಲಗುಂದದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ವಿದ್ಯಾರ್ಥಿನಿ ಇಂಥ ಬಳಗವನ್ನು ಸೇರಿರುವಳೆಂದು ಊಹಿಸಿರಿ. ಸಂಜೆ ಕರೆಂಟು ಹೋಗುವುದು, ಸಂಪರ್ಕ ಕಡಿಯುವುದು, ಆಟದ ನಡುವೆ ಅವಳು ಮಾಯವಾಗುವಳು. ಬಳಗದ ಹಿರಿಯರು ‘ಬೇಜವಾಬ್ದಾರಿ’ ಎಂದು ಬರೆದುಕೊಳ್ಳುವರು. ಅವರು ಅಳೆದುದು ಹಳ್ಳಿಯ ವಿದ್ಯುತ್ತನ್ನೇ ಹೊರತು ಹುಡುಗಿಯ ಗುಣವನ್ನಲ್ಲ. ಇಲ್ಲಿ ಪರೀಕ್ಷೆಯನ್ನು ಮುಂದುವರಿಸಿ ಫಲವಿಲ್ಲ, ‘ಏಕೆ ಹೋದೆ?’ ಎಂದು ಅವಳನ್ನೇ ಕೇಳುವುದೊಂದೇ ಸೊನ್ನೆಯನ್ನು ತಿದ್ದುವ ಉಪಾಯ.

ಲೋಲಕವಾದರೋ ನಮ್ಮನ್ನು ವಂಚಿಸದು; ಮನುಷ್ಯನು ವಂಚಿಸಬಲ್ಲನು. ಐಸ್‌ಲೆಂಡಿನ ಸಂಸ್ಥೆಯೊಂದು 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಆಟದಲ್ಲಿ ಮೋಸಕ್ಕೂ ನಿಯಮಗಳ ಒಪ್ಪಿಗೆಯಿದೆ. ಅಲ್ಲಿನ ಒಂದು ತಂಡದವರು ಬೇರೊಂದು ಬಳಗವನ್ನು ಸೇರಿ, ಸುಮಾರು ಒಂದು ವರ್ಷ ನಿಷ್ಠೆಯಿಂದ ನಡೆದುಕೊಂಡು, ದೊಡ್ಡ ಅಧಿಕಾರ ಪಡೆದು, 2005ರಲ್ಲಿ ಒಂದೇ ಬಾರಿಗೆ ನಾಯಕಿಯ ನೌಕೆಯನ್ನು ಕೆಡವಿ ಉಗ್ರಾಣಗಳನ್ನು ಬರಿದುಮಾಡಿದರು. ಅಷ್ಟು ದೀರ್ಘವಾದ ಪರೀಕ್ಷೆಯೂ ಸೋತಿತು. ಆದುದರಿಂದ ಬುದ್ಧಿವಂತ ಬಳಗಗಳು ನಂಬಿಕೆಯನ್ನು ಕಂತುಗಳಲ್ಲಿ ಕೊಡುವುವು: ಹೊಸಬನಿಗೆ ಉಗ್ರಾಣದ ಒಂದು ಮೂಲೆ ಮಾತ್ರ ತೆರೆಯುವುದು, ಹಳಬನಿಗೂ ಎಲ್ಲ ಕೀಲಿಕೈಗಳನ್ನು ಒಟ್ಟಿಗೆ ಕೊಡರು. ಕೆಲವರು ಒಳನುಸುಳುವುದು ಖಂಡಿತವೆಂದ ಮೇಲೆ, ಅವರಿಂದಾಗುವ ಹಾನಿಗೆ ಮಿತಿ ಹಾಕುವುದೇ ಜಾಣತನ.

ಸೇರುವವರೂ ಬಳಗವನ್ನು ಹೀಗೆಯೇ ಅಳೆಯಬೇಕು. ಗುಪ್ತಪದವನ್ನಾಗಲಿ, ಮೊಬೈಲಿಗೆ ಬಂದ ಒ.ಟಿ.ಪಿ.ಯನ್ನಾಗಲಿ, ಮನೆಯ ಚಿತ್ರಗಳನ್ನಾಗಲಿ ಕೇಳುವ ಬಳಗಕ್ಕೆ ಎರಡನೆಯ ಪರೀಕ್ಷೆ ಬೇಕಿಲ್ಲ. ಅದನ್ನು ಕೂಡಲೆ ಬಿಟ್ಟುಬರತಕ್ಕದ್ದು. ಉಳಿದುದಕ್ಕೆಲ್ಲ ಅವಸರ ಬೇಡ. ಮೊದಲ ದಿನದ ಸವಿಮಾತನ್ನು ಒಂದು ಆಂದೋಲನವೆಂದೆಣಿಸಿ, ಇನ್ನೂ ಹತ್ತೊಂಬತ್ತನ್ನು ಎಣಿಸಿದ ಮೇಲೆ ತೀರ್ಮಾನಕ್ಕೆ ಬರಬೇಕು.