ಕಪ್ಪದೋಕ್ಯದ ಕಲ್ಲಿನ ದೇವಾಲಯಗಳು: ಒಂದು ದಿನದ ಪ್ರವಾಸಕ್ಕೆ ಹೊರಡುವ ಮುನ್ನ

ವೇಲಂಕಣಿ, ಹಳೆ ಗೋವಾ, ಅತ್ತೂರು ಎಂದು ತೀರ್ಥಯಾತ್ರೆ ಹೊರಡುವುದು ನಮ್ಮ ಕರಾವಳಿಯ ಕಥೋಲಿಕರಿಗೆ ಹಳೆಯ ರೂಢಿ. ಪವಿತ್ರ ನಾಡಿನ ಯಾತ್ರೆಯೂ ಈಗ ಅಪರೂಪವಲ್ಲ. ಇವುಗಳ ಸಾಲಿಗೆ ಈಗ ಟರ್ಕಿ ದೇಶವೂ ಸೇರಿದೆ. ಸಂತ ಪೌಲರು ಶುಭಸಂದೇಶ ಸಾರಿದ ಎಫೆಸ ಇರುವುದು ಅಲ್ಲಿ. ಕ್ರಿ.ಶ. 325ರಲ್ಲಿ ಮೊದಲ ವಿಶ್ವಸಭೆ ಕೂಡಿದ ನಿಸೇಯ ಪಟ್ಟಣ, ಅಂದರೆ ಇಂದಿನ ಇಜ್ನಿಕ್, ಇರುವುದೂ ಅಲ್ಲಿಯೇ. ಆ ಸಭೆಯ 1700ನೇ ವರ್ಷದ ನೆನಪಿಗಾಗಿ ಪೋಪ್ 14ನೇ ಲಿಯೋ ಅವರು 2025ರ ನವೆಂಬರ್‌ನಲ್ಲಿ ಇಜ್ನಿಕ್‌ಗೆ ಭೇಟಿ ನೀಡಿದ್ದನ್ನು ಓದುಗರು ಬಲ್ಲರು.

ಟರ್ಕಿ ಯಾತ್ರೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ದಿನ 'ಕಪಡೋಕಿಯಾ' ಎಂದು ಬರೆದಿರುತ್ತದೆ. ಬೈಬಲಿನಲ್ಲಿ ಕಪ್ಪದೋಕ್ಯ ಎಂದು ನಾವು ಓದುವ ನಾಡು ಇದೇ. ಜಾಹೀರಾತಿನ ಚಿತ್ರಗಳಲ್ಲಿ ಟೋಪಿ ಹಾಕಿಕೊಂಡು ನಿಂತಂತೆ ಕಾಣುವ ಕಲ್ಲಿನ ಕಂಬಗಳೂ ಬಾನಿನಲ್ಲಿ ತೇಲುವ ಬಲೂನುಗಳೂ ಇರುತ್ತವೆ. ನೋಡಲು ಅವು ಚೆಂದವೇ. ಆದರೆ ಆ ಬಂಡೆಗಳ ಒಳಗೆ ನೂರಾರು ದೇವಾಲಯಗಳಿವೆ. ಭಾನುವಾರದ ಬಲಿಪೂಜೆಯಲ್ಲಿ ನಾವು ಹೇಳುವ ವಿಶ್ವಾಸ ಪ್ರಮಾಣಕ್ಕೂ ಆ ಊರಿಗೂ ನೇರವಾದ ಸಂಬಂಧವಿದೆ. ಇದನ್ನು ಮೊದಲೇ ತಿಳಿದು ಹೋದವರಿಗೆ ಅದು ಯಾತ್ರೆಯಾಗುತ್ತದೆ, ತಿಳಿಯದೆ ಹೋದವರಿಗೆ ಫೋಟೋ ತೆಗೆಯುವ ಜಾಗವಾಗಿಯೇ ಉಳಿಯುತ್ತದೆ. ಆದ್ದರಿಂದ ಈ ಪುಟ್ಟ ಪರಿಚಯ.

ಬಂಡೆಗಳು ಹೀಗೆ ಆದದ್ದು ಹೇಗೆ?

ಕಪ್ಪದೋಕ್ಯ ಟರ್ಕಿಯ ನಡುಭಾಗದ ಎತ್ತರದ ಬಯಲು. ಎರ್ಜಿಯಸ್, ಹಸನ್ ಮುಂತಾದ ಪರ್ವತಗಳು ಒಂದು ಕಾಲದಲ್ಲಿ ಜ್ವಾಲಾಮುಖಿಗಳಾಗಿದ್ದವು. ಇವುಗಳಲ್ಲಿ ಎರ್ಜಿಯಸ್‌ನ ಎತ್ತರ 3,900 ಮೀಟರಿಗೂ ಹೆಚ್ಚು. ಲಕ್ಷಾಂತರ ವರ್ಷಗಳ ಹಿಂದೆ ಈ ಪ್ರದೇಶದ ಜ್ವಾಲಾಮುಖಿಗಳು ಉಗುಳಿದ ಬೂದಿ ಪದರ ಪದರವಾಗಿ ಬಿದ್ದು, ಗಟ್ಟಿಯಾಗಿ, 'ಟಫ್' ಎಂಬ ಮೆದು ಕಲ್ಲಾಯಿತು. ಕೆಲವು ಕಡೆ ಅದರ ಮೇಲೆ ಗಟ್ಟಿಯಾದ ಕಲ್ಲಿನ ಪದರ ಕೂತಿತು. ಮಳೆ, ಹಿಮ, ಗಾಳಿಗೆ ಮೆದು ಕಲ್ಲು ಸವೆದು ಹೋಯಿತು. ಮೇಲೆ ಗಟ್ಟಿ ಕಲ್ಲಿನ ಮುಚ್ಚಳವಿದ್ದಲ್ಲಿ ಮಾತ್ರ ಅದರಡಿಯ ಭಾಗ ಕಂಬವಾಗಿ ಉಳಿಯಿತು. ಟರ್ಕಿಯ ಜನ ಇವುಗಳನ್ನು 'ಯಕ್ಷಿಣಿಯರ ಹೊಗೆಗೊಳವೆ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಈ ಕಲ್ಲಿನ ಒಂದು ಗುಣ ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಮುರಕಲ್ಲು ನೆಲದಿಂದ ಕಡಿಯುವಾಗ ಮೆದುವಾಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಎರಡೂ ಬೇರೆ ಬೇರೆ ಬಗೆಯ ಕಲ್ಲುಗಳಾದರೂ ಟಫ್ ಕಲ್ಲಿನ ಸ್ವಭಾವವೂ ಇಂಥದ್ದೇ. ನಾವು ಮುರಕಲ್ಲನ್ನು ಕಡಿದು ತಂದು ಗೋಡೆ ಕಟ್ಟಿದೆವು. ಕಪ್ಪದೋಕ್ಯದವರು ಬಂಡೆಯನ್ನು ಇದ್ದಲ್ಲಿಯೇ ಬಿಟ್ಟು ಒಳಗಿನಿಂದ ಕೊರೆದು ಮನೆ, ಕೊಟ್ಟಿಗೆ, ಉಗ್ರಾಣ, ಮಠ, ದೇವಾಲಯಗಳನ್ನು ಮಾಡಿಕೊಂಡರು. ಗೊರೆಮೆಯ ಈ ಪ್ರದೇಶವನ್ನು ಯುನೆಸ್ಕೊ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ವಿಶ್ವಾಸಕ್ಕೂ ಕಪ್ಪದೋಕ್ಯಕ್ಕೂ ನಂಟು

ಪಂಚಾಶತ್ತಮ ಹಬ್ಬದಂದು ಪ್ರೇಷಿತರ ಮಾತನ್ನು ತಮ್ಮ ತಮ್ಮ ಭಾಷೆಯಲ್ಲಿ ಕೇಳಿದವರಲ್ಲಿ ಕಪ್ಪದೋಕ್ಯದವರೂ ಇದ್ದರು (ಪ್ರೇಷಿತರ ಕಾರ್ಯಕಲಾಪಗಳು 2:9). ಸಂತ ಪೇತ್ರರ ಮೊದಲನೆಯ ಪತ್ರದ ಮೊದಲ ವಚನದಲ್ಲಿಯೂ ಈ ನಾಡಿನ ಹೆಸರಿದೆ.

ನಾಲ್ಕನೇ ಶತಮಾನದಲ್ಲಿ ಈ ನಾಡು ಧರ್ಮಸಭೆಗೆ ಮೂವರು ಮಹಾ ಧರ್ಮಪಿತರನ್ನು ಕೊಟ್ಟಿತು: ಸಂತ ಬೆಸಿಲರು, ಅವರ ತಮ್ಮ ನಿಸ್ಸದ ಸಂತ ಗ್ರೆಗೋರಿ, ಬೆಸಿಲರ ಗೆಳೆಯ ನಾಜಿಯಾನ್ಸದ ಸಂತ ಗ್ರೆಗೋರಿ. ಬೆಸಿಲರ ಅಕ್ಕ ಮಕ್ರೀನಾ ಕೂಡ ಸಂತರು. ಬೆಸಿಲರು 370ರಲ್ಲಿ ಕೈಸರೇಯದ, ಅಂದರೆ ಇಂದಿನ ಕೈಸೇರಿ ನಗರದ, ಧರ್ಮಾಧ್ಯಕ್ಷರಾದರು. ಅದಕ್ಕೆ ಸ್ವಲ್ಪ ಮೊದಲು ಅಲ್ಲಿ ಭೀಕರ ಬರ ಬಂದಿತ್ತು. ಕಣಜ ಮುಚ್ಚಿಟ್ಟುಕೊಂಡ ಶ್ರೀಮಂತರಿಗೆ ಬೆಸಿಲರು ಖಾರವಾಗಿಯೇ ಬೋಧಿಸಿ, ಹಸಿದವರಿಗೆ ಗಂಜಿ ಹಾಕಿಸಿದರು. ಮುಂದೆ ಊರ ಹೊರಗೆ ರೋಗಿಗಳಿಗೂ ಬಡವರಿಗೂ ದಾರಿಹೋಕರಿಗೂ ದೊಡ್ಡ ಆಶ್ರಯವನ್ನು ಕಟ್ಟಿಸಿದರು. ಚರಿತ್ರೆಯ ಮೊದಮೊದಲ ಆಸ್ಪತ್ರೆಗಳಲ್ಲಿ ಅದೂ ಒಂದು.

ಪವಿತ್ರಾತ್ಮರು ದೇವರೇ ಹೌದೋ ಅಲ್ಲವೋ ಎಂಬ ವಾದ ಎದ್ದ ಕಾಲವದು. ಬೆಸಿಲರು ಪವಿತ್ರಾತ್ಮರನ್ನು ಕುರಿತೇ ಒಂದು ಗ್ರಂಥ ಬರೆದರು. ಅವರು 379ರಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ, 381ರಲ್ಲಿ, ಕಾನ್‌ಸ್ಟಾಂಟಿನೋಪಲ್ ವಿಶ್ವಸಭೆ ಕೂಡಿತು. ಅದರಲ್ಲಿ ಇಬ್ಬರು ಗ್ರೆಗೋರಿಯವರೂ ಪಾಲ್ಗೊಂಡರು. ವಿಶ್ವಾಸ ಪ್ರಮಾಣದಲ್ಲಿ ಪವಿತ್ರಾತ್ಮರನ್ನು ಕುರಿತು ನಾವು ಇಂದು ಹೇಳುವ ಭಾಗ ಆ ಸಭೆಗೆ ಸೇರಿದ್ದು. ಪ್ರತಿ ವರ್ಷ ಜನವರಿ 2ರಂದು ಸಂತ ಬೆಸಿಲ್ ಮತ್ತು ನಾಜಿಯಾನ್ಸದ ಸಂತ ಗ್ರೆಗೋರಿಯವರ ಸ್ಮರಣೆಯನ್ನು ಒಟ್ಟಿಗೆ ಆಚರಿಸುತ್ತೇವೆ.

ಯಾವ ಪ್ರವಾಸವನ್ನು ಆರಿಸಬೇಕು?

ಅಲ್ಲಿ ಒಂದು ದಿನದ ಪ್ರವಾಸಗಳು ಮುಖ್ಯವಾಗಿ ಎರಡು ಬಗೆ. 'ರೆಡ್ ಟೂರ್' ಎಂಬುದರಲ್ಲಿ ಗೊರೆಮೆಯ ಬಯಲು ವಸ್ತು ಸಂಗ್ರಹಾಲಯ, ಉಚ್‌ಹಿಸಾರ್ ಎಂಬ ಕಲ್ಲಿನ ಕೋಟೆ, ಪಾಶಾಬಾಗ್ ಕಣಿವೆ, ಮಡಕೆ ಮಾಡುವ ಅವಾನೋಸ್ ಪಟ್ಟಣ ಇರುತ್ತವೆ. ಪಾಶಾಬಾಗ್ ಒಂದು ಕಾಲದಲ್ಲಿ ಸನ್ಯಾಸಿಗಳು ಬಂಡೆಯೊಳಗೆ ಕೋಣೆ ಕೊರೆದು ಒಂಟಿಯಾಗಿ ಬದುಕಿದ ಜಾಗ. 'ಗ್ರೀನ್ ಟೂರ್' ಎಂಬುದರಲ್ಲಿ ನೆಲದಡಿಯ ಊರು, ಇಹ್ಲಾರಾ ಕಣಿವೆಯ ನಡಿಗೆ, ಸೆಲಿಮೆಯ ಕಲ್ಲಿನ ಮಠ ಸೇರುತ್ತವೆ. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಹೊರಟರೆ ಸಂಜೆ ಐದಾರಕ್ಕೆ ಮರಳಬಹುದು. ಒಂದೇ ದಿನ ಇರುವವರು, ಅದರಲ್ಲೂ ವಯಸ್ಸಾದವರು, ಗೊರೆಮೆ ಇರುವ ಪ್ರವಾಸವನ್ನೇ ಆರಿಸುವುದು ಒಳ್ಳೆಯದು.

ದೊಡ್ಡ ಬಸ್ಸಿನ ಗುಂಪಿಗಿಂತ ಹತ್ತು ಹನ್ನೆರಡು ಮಂದಿಯ ಸಣ್ಣ ಗುಂಪು ಮೇಲು. ಇದಕ್ಕೆ ಕಾರಣ ಸರಳ. ಇಲ್ಲಿನ ದೇವಾಲಯಗಳು ನಮ್ಮ ವಾಳೆಯ ಪ್ರಾರ್ಥನಾ ಕೂಟ ನಡೆಯುವ ಮನೆಯ ಚಾವಡಿಯಷ್ಟೇ ದೊಡ್ಡವು, ಕೆಲವು ಅದಕ್ಕಿಂತ ಸಣ್ಣವು. ಜನ ಹೆಚ್ಚಿದ್ದರೆ ಒಳಗೆ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ. ಮಾರ್ಗದರ್ಶಿ ಸಾಮಾನ್ಯವಾಗಿ ಹೊರಗೆ ನಿಂತೇ ವಿವರಿಸುತ್ತಾರೆ. ನಲವತ್ತು ಮಂದಿಯ ಗುಂಪಿನಲ್ಲಿ ಹಿಂದೆ ನಿಂತವರಿಗೆ ಅದು ಕೇಳಿಸುವುದೇ ಇಲ್ಲ.

ಗೋಡೆಯ ಮೇಲಿನ ಶುಭಸಂದೇಶ

ಗೊರೆಮೆಯಲ್ಲಿ ಈಗ ಕಾಣುವ ಚಿತ್ರಿತ ದೇವಾಲಯಗಳಲ್ಲಿ ಹೆಚ್ಚಿನವು 10ರಿಂದ 12ನೇ ಶತಮಾನದವು. ಅಂದರೆ ಬೆಸಿಲರ ಕಾಲಕ್ಕಿಂತ ಸುಮಾರು ಆರುನೂರು ವರ್ಷ ಈಚಿನವು. ರೋಮನ್ ಚಕ್ರವರ್ತಿಗಳ ಹಿಂಸೆಗೆ ಹೆದರಿ ಕ್ರೈಸ್ತರು ಅಡಗಿಕೊಂಡ ಗುಹೆಗಳಿವು ಎಂಬ ಮಾತು ಪ್ರವಾಸದಲ್ಲಿ ಕಿವಿಗೆ ಬೀಳುವುದುಂಟು. ಈ ದೇವಾಲಯಗಳ ಮಟ್ಟಿಗೆ ಅದು ಸರಿಯಲ್ಲ. ಇವನ್ನು ಕೊರೆದ ಕಾಲದಲ್ಲಿ ಅಲ್ಲಿ ಕ್ರೈಸ್ತ ಧರ್ಮವೇ ರಾಜ್ಯದ ಧರ್ಮವಾಗಿತ್ತು. ನೆಲೆಯೂರಿ ಬದುಕುತ್ತಿದ್ದ ಭಕ್ತಾದಿಗಳೂ ಸನ್ಯಾಸಿಗಳೂ ತಮಗೆ ಸಿಕ್ಕ ಕಲ್ಲಿನಲ್ಲಿ ತಮ್ಮ ದೇವಾಲಯಗಳನ್ನು ಮಾಡಿಕೊಂಡರು, ಅಷ್ಟೇ.

ಒಳಗೆ ಹೋದಾಗ ಮೊದಲು ಕಂಬಗಳನ್ನು ನೋಡಿ. ಇಡೀ ದೇವಾಲಯವೇ ಒಂದು ಬಂಡೆಯಾದ್ದರಿಂದ ಅವು ಕಟ್ಟಡದ ಕಂಬಗಳಂತೆ ಭಾರ ಹೊರುವ ಅಗತ್ಯವಿಲ್ಲ. ಕೆಲವು ಕಡೆ ಕಂಬ ಮುರಿದು ಬಿದ್ದರೂ ಮೇಲಿನ ಕಮಾನು ಹಾಗೆಯೇ ನಿಂತಿದೆ. ಆದರೂ ಅವರು ಕಂಬ, ಕಮಾನು, ಗುಮ್ಮಟ ಎಲ್ಲವನ್ನೂ ಕೊರೆದರು. ದೇವಾಲಯವೆಂದರೆ ಹೀಗಿರಬೇಕು ಎಂದು ಅವರ ಮನಸ್ಸಿನಲ್ಲಿತ್ತು.

'ಕತ್ತಲೆಯ ದೇವಾಲಯ' ಎಂಬ ಅರ್ಥದ ಕರಾನ್ಲಿಕ್ ದೇವಾಲಯಕ್ಕೆ ಬೆಳಕು ಬರುವುದೇ ಕಡಿಮೆ. ಆದ್ದರಿಂದಲೇ ಅಲ್ಲಿನ ಬಣ್ಣಗಳು ಮಾಸದೆ ಉಳಿದಿವೆ. ಯೇಸುಸ್ವಾಮಿಯ ಜನನ, ದೀಕ್ಷಾಸ್ನಾನ, ಕಡೆಯ ಭೋಜನ, ಶಿಲುಬೆಯ ಮರಣ, ಎಲ್ಲವೂ ಗೋಡೆಯ ಮೇಲಿವೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಅಂತೋನಿಯೊ ಮೊಸ್ಕೆನಿ ಅವರ ಚಿತ್ರಗಳನ್ನು ಕಂಡವರಿಗೆ ಇದರ ಉದ್ದೇಶ ಬಿಡಿಸಿ ಹೇಳಬೇಕಾಗಿಲ್ಲ. ಓದು ಬಾರದವರೂ ಗೋಡೆ ನೋಡಿ ಶುಭಸಂದೇಶ ಅರಿಯಬಹುದಿತ್ತು. ಯಿಲಾನ್ಲಿ ದೇವಾಲಯದಲ್ಲಿ ಸರ್ಪವನ್ನು ಕೊಲ್ಲುವ ಸಂತ ಜಾರ್ಜರಿದ್ದಾರೆ. ಸಂತ ಬಾರ್ಬರಾ ದೇವಾಲಯದಲ್ಲಿ ಬಂಡೆಯ ಮೇಲೆಯೇ ಕೆಂಪು ಬಣ್ಣದಲ್ಲಿ ಬರೆದ ಶಿಲುಬೆಗಳಿವೆ. ಟೊಕಾಲಿ ದೇವಾಲಯ ಇವೆಲ್ಲಕ್ಕಿಂತ ದೊಡ್ಡದು. ಅದು ಮುಖ್ಯ ದ್ವಾರದ ಹೊರಗೆ, ರಸ್ತೆಯ ಬದಿಯಲ್ಲಿದೆ. ಒಳಗಿನದನ್ನೆಲ್ಲ ನೋಡಿ ದಣಿದು ಬಂದ ಅನೇಕರು ಇದನ್ನು ನೋಡದೆಯೇ ವಾಹನ ಹತ್ತುತ್ತಾರೆ. ಅದೇ ಟಿಕೆಟಿನಲ್ಲಿ ನೋಡಬಹುದು, ಬಿಡಬೇಡಿ.

ಹಲವು ಚಿತ್ರಗಳಲ್ಲಿ ಸಂತರ ಕಣ್ಣು, ಮುಖ ಕೆರೆದು ಹೋಗಿವೆ. ಕಂಡಾಗ ನೋವಾಗುತ್ತದೆ. ಆದರೆ ಗೋಡೆಗಳ ಮೇಲೆ ಗ್ರೀಕ್ ಲಿಪಿಯಲ್ಲಿ ಗೀಚಿದ ಹೆಸರುಗಳೂ ಇವೆ. ಹಾಳು ಮಾಡಿದವರು ಒಂದೇ ಕಾಲದವರಲ್ಲ, ಒಂದೇ ಗುಂಪಿನವರೂ ಅಲ್ಲ.

ನೆಲದಡಿಯ ಊರುಗಳು

ದೆರಿನ್‌ಕುಯು, ಕೈಮಾಕ್ಲಿ ಎಂಬಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ನೆಲದೊಳಗೆ ಕೊರೆದ ಊರುಗಳಿವೆ. ದೆರಿನ್‌ಕುಯುವಿನ ಆಳ ಸುಮಾರು 85 ಮೀಟರ್ ಎನ್ನುತ್ತಾರೆ. ಒಳಗೆ ಬಾವಿ, ಗಾಳಿಗಂಡಿ, ದವಸದ ಕೋಣೆ, ಕೊಟ್ಟಿಗೆ, ದೇವಾಲಯ ಎಲ್ಲವೂ ಇವೆ. ದಾರಿಗೆ ಅಡ್ಡಲಾಗಿ ಒಳಗಿನಿಂದ ಉರುಳಿಸಿ ಮುಚ್ಚುವ, ಬೀಸುಕಲ್ಲಿನ ಆಕಾರದ ದೊಡ್ಡ ಕಲ್ಲುಗಳಿವೆ. ಅಡಗಿಕೊಂಡದ್ದು ನಿಜವಾಗಿದ್ದರೆ ಅದು ಇಲ್ಲಿ. ಗಡಿಯಾಚೆಯಿಂದ ದಂಡು ದಾಳಿ ಬಂದಾಗ ಹಳ್ಳಿಯ ಜನ ದನಕರುಗಳೊಡನೆ ಇಳಿದು ಕೂರುತ್ತಿದ್ದರು.

1923ರ ಒಪ್ಪಂದ

ಹಾಗಾದರೆ ಆ ಕ್ರೈಸ್ತರು ಈಗ ಎಲ್ಲಿ? ಪ್ರವಾಸದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ತುರ್ಕರ ಆಳ್ವಿಕೆಯ ಶತಮಾನಗಳಲ್ಲಿಯೂ ಕಪ್ಪದೋಕ್ಯದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಇದ್ದರು. ಅವರಲ್ಲಿ ಅನೇಕರ ಮನೆಮಾತು ತುರ್ಕಿ ಭಾಷೆಯೇ ಆಗಿತ್ತು, ಅದನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದರು. ಯುದ್ಧದ ನಂತರ, 1923ರಲ್ಲಿ, ಗ್ರೀಸ್ ಮತ್ತು ಟರ್ಕಿ ಸರ್ಕಾರಗಳು ಲೊಸಾನ್‌ನಲ್ಲಿ ಜನರ ವಿನಿಮಯದ ಒಪ್ಪಂದ ಮಾಡಿಕೊಂಡವು. ಭಾಷೆಯನ್ನಲ್ಲ, ಧರ್ಮವನ್ನು ನೋಡಿ ಜನರನ್ನು ಬೇರ್ಪಡಿಸಲಾಯಿತು. ಕಪ್ಪದೋಕ್ಯದ ಕ್ರೈಸ್ತರು ಗ್ರೀಸಿಗೆ ಹೋಗಬೇಕಾಯಿತು, ಗ್ರೀಸಿನ ಮುಸ್ಲಿಮರು ಟರ್ಕಿಗೆ ಬರಬೇಕಾಯಿತು. ಊರು ಬಿಟ್ಟ ದುಃಖ ಎರಡೂ ಕಡೆಯವರದು. ಉರ್ಗುಪ್ ಪಟ್ಟಣದ ಕ್ರೈಸ್ತರು ಹೊರಡುವಾಗ ತಮ್ಮ ಪ್ರೀತಿಯ ರಷ್ಯದ ಸಂತ ಜಾನರ ಪವಿತ್ರ ಶರೀರವನ್ನು ಜೊತೆಗೆ ಕೊಂಡೊಯ್ದರು. ಗ್ರೀಸಿನಲ್ಲಿ ಅವರು ನೆಲೆಸಿದ ಹಳ್ಳಿಗೆ ತಮ್ಮ ಹಳೆಯ ಊರಿನ ಹೆಸರನ್ನೇ ಇಟ್ಟರು. ಇತ್ತ ಗುಜೆಲ್‌ಯುರ್ಟ್ ಎಂಬಲ್ಲಿದ್ದ ಸಂತ ಗ್ರೆಗೋರಿಯವರ ದೇವಾಲಯ ಈಗ ಮಸೀದಿಯಾಗಿದೆ.

ಕರಾವಳಿಯ ನಾವು ಇದನ್ನು ನಮ್ಮ ಹಿರಿಯರ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಲ್ಲಿನ ದೇವಾಲಯಗಳು ನೆಲಸಮವಾದವು. 1799ರ ನಂತರ ಬದುಕುಳಿದವರು ಮರಳಿ ಬಂದು ಅವನ್ನು ಮತ್ತೆ ಕಟ್ಟಿದರು. ಇಲ್ಲಿ ಕಲ್ಲು ಬಿದ್ದಿತು, ಜನ ಉಳಿದರು. ಅಲ್ಲಿ ಕಲ್ಲು ಉಳಿಯಿತು, ಜನ ಉಳಿಯಲಿಲ್ಲ. ಸಾವಿರ ವರ್ಷದ ಚಿತ್ರಗಳಿದ್ದರೂ ಕೂಡಿ ಪ್ರಾರ್ಥಿಸುವ ಸಭೆ ಇಲ್ಲವಾದಾಗ ದೇವಾಲಯ ವಸ್ತು ಸಂಗ್ರಹಾಲಯವಾಗುತ್ತದೆ.

ಗುಂಪು ಕರೆದೊಯ್ಯುವವರ ಗಮನಕ್ಕೆ

* ಟರ್ಕಿಯಲ್ಲಿ ಮಾರ್ಗದರ್ಶಿಗಳಿಗೆ ಸರ್ಕಾರದ ಪರವಾನಗಿ ಇರಬೇಕು. ಅಂಥವರನ್ನೇ ಕೇಳಿ. ನಿಮ್ಮದು ಕ್ರೈಸ್ತ ಯಾತ್ರಿಕರ ಗುಂಪು, ದೇವಾಲಯಗಳಿಗೆ ಹೆಚ್ಚು ಸಮಯ ಬೇಕು ಎಂದು ಮುಂಗಡ ಕೊಡುವ ಮೊದಲೇ ತಿಳಿಸಿ.

* ಅನೇಕ ಪ್ರವಾಸಗಳಲ್ಲಿ ರತ್ನಗಂಬಳಿ, ಹರಳು, ಮಡಕೆಗಳ ಅಂಗಡಿಗೆ ಕರೆದೊಯ್ಯುತ್ತಾರೆ. ಇದರಿಂದ ಗಂಟೆಗಟ್ಟಲೆ ಹೊತ್ತು ಹೋಗಬಹುದು. ಎಷ್ಟು ಅಂಗಡಿ, ಎಷ್ಟು ಹೊತ್ತು ಎಂದು ಬರಹದಲ್ಲಿ ಪಡೆಯಿರಿ.

* ಕರಾನ್ಲಿಕ್ ದೇವಾಲಯಕ್ಕೆ ಪ್ರತ್ಯೇಕ ಟಿಕೆಟ್ ಇರುವುದರಿಂದ ಪ್ರವಾಸದ ಶುಲ್ಕದಲ್ಲಿ ಅದು ಸೇರಿದೆಯೇ ಎಂದು ವಿಚಾರಿಸಿ. ಬೆಳಗಿನ ಜಾವದ ಬಲೂನು ಹಾರಾಟದ ಖರ್ಚೂ ಬೇರೆ, ಗಾಳಿ ಜೋರಿದ್ದರೆ ಅದು ರದ್ದಾಗುತ್ತದೆ.

* ನೆಲದಡಿಯ ಊರಿನ ದಾರಿಗಳಲ್ಲಿ ಸೊಂಟ ಬಗ್ಗಿಸಿಯೇ ನಡೆಯಬೇಕು. ಉಬ್ಬಸ, ಹೃದಯದ ಕಾಯಿಲೆ, ಮಂಡಿನೋವು ಇರುವವರೂ ಇಕ್ಕಟ್ಟಿನಲ್ಲಿ ಭಯಪಡುವವರೂ ಇಳಿಯಬಾರದು. ಇಹ್ಲಾರಾ ಕಣಿವೆಗೆ ಇಳಿಯಲು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹೊರಗೆ ಉಳಿಯುವವರ ಜೊತೆ ಒಬ್ಬರನ್ನಾದರೂ ಬಿಡಿ.

* ಚಿತ್ರಿತ ದೇವಾಲಯಗಳ ಒಳಗೆ ಫೋಟೋ ತೆಗೆಯಬಾರದು. ಭಕ್ತಿಯಿಂದಾದರೂ ಚಿತ್ರಗಳನ್ನು ಮುಟ್ಟಬೇಡಿ, ಕೈಯ ಬೆವರೂ ಬಣ್ಣಕ್ಕೆ ಹಾನಿ.

* ಇವು ಸರ್ಕಾರದ ಸಂಗ್ರಹಾಲಯಗಳಾದ್ದರಿಂದ ಒಳಗೆ ಗಟ್ಟಿಯಾಗಿ ಹಾಡುವುದು, ಪ್ರಾರ್ಥಿಸುವುದು ಬೇಡ. ಬಲಿಪೂಜೆ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಜೊತೆಗಿರುವ ಧರ್ಮಗುರುಗಳು ಊರಿನಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಲಿ.

* ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಜಾರದ ಪಾದರಕ್ಷೆ, ನೀರು, ಸಣ್ಣ ಟಾರ್ಚ್ ಜೊತೆಗಿರಲಿ.

ಯಾತ್ರೆಗೆ ಮೊದಲಿನ ಒಂದು ಸಂಜೆ ಗುಂಪಿನವರೆಲ್ಲ ಧರ್ಮಕೇಂದ್ರದಲ್ಲಿ ಕೂಡಿ ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ಓದಿಕೊಂಡರೆ ಒಳ್ಳೆಯದು. ಗೊರೆಮೆಯಲ್ಲಿ ಒಂದು ದೇವಾಲಯದೊಳಗಾದರೂ ಎರಡು ನಿಮಿಷ ಮೌನವಾಗಿ ನಿಂತು, ಮನಸ್ಸಿನಲ್ಲೇ ವಿಶ್ವಾಸ ಪ್ರಮಾಣವನ್ನು ಹೇಳಿಕೊಳ್ಳಬಹುದು. ಅಲ್ಲಿ ಅದನ್ನು ಹೇಳುತ್ತಿದ್ದ ಊರಿನವರು ಈಗಿಲ್ಲ. ದೂರದ ಕರಾವಳಿಯಿಂದ ಬಂದ ಹತ್ತು ಮಂದಿ ಹೇಳಿದರೆ ಅದೂ ಒಂದು ಪ್ರಾರ್ಥನೆಯೇ. ಯಾತ್ರೆಗೆ ಹೋಗಲಾಗದವರೂ ಬರುವ ಭಾನುವಾರ ಆ ಮಾತುಗಳನ್ನು ಹೇಳುವಾಗ ಕಪ್ಪದೋಕ್ಯದ ವಿಶ್ವಾಸಿಗಳನ್ನು ನೆನೆಯಲಿ.